‘ದಿ ಜಡ್ಜ್’: ಕಟಕಟೆಯಲ್ಲಿ ಅಪ್ಪ, ವಕಾಲತ್ತಿಗೆ ಮಗ

ವಿಮರ್ಶಕ: ‘ದಿ ಜಡ್ಜ್’ 2014ರಲ್ಲಿ ತೆರೆ ಕಂಡ ಅಮೆರಿಕನ್ ಚಿತ್ರ. ನಿರ್ದೇಶಕ ಡೇವಿಡ್ ಡಾಬ್ಕಿನ್. ಚಿತ್ರಕಥೆ ನಿಕ್ ಶೆಂಕ್ ಮತ್ತು ಬಿಲ್ ಡುಬುಕ್ ಅವರದು. ಷಿಕಾಗೋದಲ್ಲಿ ಹೆಸರು, ಹಣ ಎರಡನ್ನೂ ಗಳಿಸಿರುವ ಕ್ರಿಮಿನಲ್ ವಕೀಲ ಹ್ಯಾಂಕ್ ಪಾಮರ್ ಪಾತ್ರದಲ್ಲಿ ರಾಬರ್ಟ್ ಡೌನಿ ಜೂನಿಯರ್. ಇಂಡಿಯಾನಾ ರಾಜ್ಯದ ಸಣ್ಣ ಊರೊಂದರ ಹಿರಿಯ ನ್ಯಾಯಾಧೀಶ ಜೋಸೆಫ್ ಪಾಮರ್ ಪಾತ್ರದಲ್ಲಿ ರಾಬರ್ಟ್ ಡುವಾಲ್. ಅಪ್ಪ-ಮಗನ ನಡುವೆ ವರ್ಷಗಟ್ಟಲೆಯಿಂದ ಮಾತಿಲ್ಲ. ತಾಯಿ ತೀರಿಕೊಂಡ ಸುದ್ದಿ ಕೇಳಿ ಮಗ ಊರಿಗೆ ಬರುತ್ತಾನೆ. ಮಣ್ಣು ಮಾಡಿ, ಅಪ್ಪನ ಜೊತೆ ಜಗಳವನ್ನೂ ಆಡಿ, ಇನ್ನೆಂದೂ ಬರುವುದಿಲ್ಲ ಎಂಬ ನಿಶ್ಚಯದಲ್ಲಿ ವಿಮಾನದಲ್ಲಿ ಕೂತಿದ್ದಾಗ ಅಣ್ಣನ ಫೋನು: ಅಪ್ಪನ ಕಾರಿನ ಮೇಲೆ ರಕ್ತದ ಕಲೆ ಸಿಕ್ಕಿದೆ, ಪೊಲೀಸರು ಬಂದಿದ್ದಾರೆ. ಮುಂದಿನ ಕಥೆಯೆಲ್ಲ ಆ ಮೊಕದ್ದಮೆ.

ವಕೀಲ: ಊರಿನ ಹೆಸರು ಕಾರ್ಲಿನ್‌ವಿಲ್. ಆ ಹೆಸರಿನ ನಿಜವಾದ ಊರು ಇರುವುದು ಪಕ್ಕದ ಇಲಿನಾಯ್ ರಾಜ್ಯದಲ್ಲಿ. ಇಂಡಿಯಾನಾದ ಕಾರ್ಲಿನ್‌ವಿಲ್ ಬರೀ ಕಲ್ಪನೆ. ಚಿತ್ರೀಕರಣ ನಡೆದದ್ದಾದರೋ ಈ ಎರಡೂ ರಾಜ್ಯಗಳಿಂದ ದೂರ, ಮ್ಯಾಸಚೂಸೆಟ್ಸ್‌ನ ಶೆಲ್ಬರ್ನ್ ಫಾಲ್ಸ್ ಎಂಬ ಹೊಳೆದಂಡೆಯ ಊರಿನಲ್ಲಿ. ಮೊದಲು ತಿಳಿಯಬೇಕಾದದ್ದು ಆಪಾದನೆಯ ಸ್ವರೂಪ. ಸತ್ತವನು ಯಾರು?

ವಿಮರ್ಶಕ: ಮಾರ್ಕ್ ಬ್ಲ್ಯಾಕ್‌ವೆಲ್. ಚಿತ್ರದಲ್ಲಿ ಅವನು ಬದುಕಿ ಕಾಣಿಸಿಕೊಳ್ಳುವುದು ತೀರಾ ಕಡಿಮೆ; ಆದರೂ ಕಥೆಯ ಕೀಲು ಅವನೇ. ಎರಡು ದಶಕಗಳ ಹಿಂದೆ ಅವನು ಪಡ್ಡೆ ಹುಡುಗ. ಸಿಟ್ಟಿನ ಭರದಲ್ಲಿ, ತಾನು ಪ್ರೀತಿಸುತ್ತಿದ್ದ ಹುಡುಗಿಯ ಮನೆಯ ಮೇಲೆ ಗುಂಡು ಹಾರಿಸಿದ. ಪ್ರಕರಣ ಪಾಮರ್ ಮುಂದೆ ಬಂತು. ಕಟ್ಟುನಿಟ್ಟಿಗೆ ಹೆಸರಾದ ಈ ನ್ಯಾಯಾಧೀಶ ಆ ಒಂದು ಸಲ ಕೈ ಸಡಿಲ ಬಿಟ್ಟು 30 ದಿನಗಳ ಶಿಕ್ಷೆ ಕೊಟ್ಟು ಕಳಿಸಿದ. ಬಿಡುಗಡೆಯಾಗಿ ಬಂದವನು ಅದೇ ಹುಡುಗಿಯನ್ನು ನೀರಲ್ಲಿ ಮುಳುಗಿಸಿ ಕೊಂದ. ಎರಡನೆಯ ಸಲ ಅದೇ ಪೀಠದಿಂದ 20 ವರ್ಷಗಳ ಸೆರೆವಾಸ ಬಂತು. ಅದನ್ನು ಮುಗಿಸಿಕೊಂಡು ಅವನು ಊರಿಗೆ ಮರಳಿದ ಹೊತ್ತಿಗೇ ನ್ಯಾಯಾಧೀಶನ ಹೆಂಡತಿ ಸತ್ತಿದ್ದಾಳೆ. ಮಳೆಯ ರಾತ್ರಿ ಅಂಗಡಿಯೊಂದರಲ್ಲಿ ಇಬ್ಬರೂ ಎದುರಾಗುತ್ತಾರೆ. ಆಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಬ್ಲ್ಯಾಕ್‌ವೆಲ್‌ಗೆ ನ್ಯಾಯಾಧೀಶನ ಕಾರು ಬಡಿಯುತ್ತದೆ. ಬಡಿದದ್ದು ಆಕಸ್ಮಿಕವೋ ಬೇಕೆಂದೋ ಎಂಬುದೇ ಮೊಕದ್ದಮೆಯ ಪ್ರಶ್ನೆ.

ವಕೀಲ: ಹಾಗಾದರೆ ‘ಯಾರು ಮಾಡಿದರು’ ಎಂಬ ಪತ್ತೇದಾರಿ ಇಲ್ಲಿಲ್ಲ. ಕಾರು ಯಾರದು, ರಕ್ತ ಯಾರದು ಎಂಬುದರಲ್ಲಿ ತಕರಾರಿಲ್ಲ. ಉಳಿಯುವುದು ಮನಸ್ಸಿನ ಪ್ರಶ್ನೆ. ಕ್ರಿಮಿನಲ್ ಕಾನೂನಿನಲ್ಲಿ ಕೃತ್ಯದಷ್ಟೇ ತೂಕ ಅದರ ಹಿಂದಿನ ಉದ್ದೇಶಕ್ಕೂ ಇದೆ. ಒಂದೇ ಡಿಕ್ಕಿ ಅಪಘಾತವಾಗಬಹುದು, ಅಜಾಗರೂಕತೆಯಾಗಬಹುದು, ಹಠಾತ್ ಕೆರಳಿ ಮಾಡಿದ ಹತ್ಯೆಯಾಗಬಹುದು, ಯೋಚಿಸಿ ಮಾಡಿದ ಕೊಲೆಯೂ ಆಗಬಹುದು. ಚಿತ್ರದ ಚಮತ್ಕಾರ ಇರುವುದು ಇಲ್ಲಿ: ಆ ಮನಸ್ಸಿನಲ್ಲಿ ಏನಿತ್ತೆಂದು ಆರೋಪಿಗೇ ನೆನಪಿಲ್ಲ.

ವಿಮರ್ಶಕ: ನೆನಪಿಲ್ಲ ಎಂದು ಹೇಳಿಕೊಳ್ಳಲೂ ಅವನು ತಯಾರಿಲ್ಲ. ನ್ಯಾಯಾಧೀಶನಿಗೆ ನಾಲ್ಕನೆಯ ಹಂತದ ಕ್ಯಾನ್ಸರ್. ಗುಟ್ಟಾಗಿ ಕೀಮೋಥೆರಪಿ ಮಾಡಿಸಿಕೊಳ್ಳುತ್ತಿದ್ದಾನೆ; ಅದರಿಂದ ನೆನಪು ಆಗಾಗ ಕೈಕೊಡುತ್ತದೆ. ಇದರ ಸುಳಿವನ್ನು ಚಿತ್ರ ಮೊದಲೇ ಕೊಟ್ಟಿದೆ. ಊರಿಗೆ ಬಂದ ಮಗ ಯಾರಿಗೂ ಕಾಣದಂತೆ ಕೋರ್ಟಿನಲ್ಲಿ ಕೂತು ಅಪ್ಪನ ವಿಚಾರಣೆ ನೋಡುತ್ತಾನೆ. ಮಕ್ಕಳ ಜೀವನಾಂಶ ಕೊಡದೆ ಹೊಸ ಟ್ರಕ್ ಕೊಂಡ ಒಬ್ಬನಿಂದ ಬೀಗದ ಕೈ ಕಸಿದು ಹೆಂಡತಿಗೆ ಕೊಡಿಸುವ ಅಪ್ಪ, ಅದೇ ಗಳಿಗೆಯಲ್ಲಿ ಎಷ್ಟೋ ವರ್ಷ ಜೊತೆಗೆ ಕೆಲಸ ಮಾಡಿದ ಕೋರ್ಟ್ ಸಿಬ್ಬಂದಿಯ ಹೆಸರು ಮರೆತು ತಡವರಿಸುತ್ತಾನೆ. ನೋಡುವವರು ಇದನ್ನು ದುಃಖದ ಮಂಕು ಎಂದುಕೊಳ್ಳುತ್ತಾರೆ. ಮಗನಿಗೆ ಬೇರೆ ಗುಮಾನಿ. ಅಪ್ಪ ಹಿಂದೆ ಕುಡುಕನಾಗಿದ್ದು ಬಿಟ್ಟವನು. ಹೆಂಡತಿ ಸತ್ತ ಮೇಲೆ ಮತ್ತೆ ಬಾಟಲಿ ಹಿಡಿದನೇ ಎಂದು.

ವಕೀಲ: ರೋಗವನ್ನು ಮುಚ್ಚಿಡುವ ಕಾರಣ ವಿಚಿತ್ರವಾಗಿ ಕಂಡರೂ ಗಟ್ಟಿಯಾದದ್ದು. ತಾನು ನಲವತ್ತಕ್ಕೂ ಹೆಚ್ಚು ವರ್ಷ ಪೀಠದಲ್ಲಿ ಕೂತವನು. ಕೊನೆಯ ತಿಂಗಳುಗಳಲ್ಲಿ ತಲೆ ಸರಿಯಿರಲಿಲ್ಲ ಎಂದು ಗೊತ್ತಾದರೆ ಆ ಅವಧಿಯ ತೀರ್ಪುಗಳನ್ನೆಲ್ಲ ಪ್ರಶ್ನಿಸಿ ಅರ್ಜಿಗಳು ಬೀಳುತ್ತವೆ, ಉಳಿದ ವರ್ಷಗಳ ಮೇಲೂ ಕಪ್ಪು ಬೀಳುತ್ತದೆ ಎಂಬುದು ಅವನ ಭಯ. ತನ್ನ ಬಿಡುಗಡೆಗಿಂತ ತನ್ನ ತೀರ್ಪುಗಳ ಮಾನ ದೊಡ್ಡದು. ಅಮೆರಿಕದಲ್ಲಿ ನ್ಯಾಯಾಧೀಶನ ಕೆಲಸ ನಮ್ಮ ಜಿಲ್ಲಾ ನ್ಯಾಯಾಧೀಶರದರಂತೆ ವರ್ಗಾವಣೆಯ ಸರ್ಕಾರಿ ನೌಕರಿಯಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಇಂಡಿಯಾನಾದ ಸರ್ಕಿಟ್ ಕೋರ್ಟುಗಳ ನ್ಯಾಯಾಧೀಶರನ್ನು ಜನರೇ ಚುನಾಯಿಸುತ್ತಾರೆ, ಒಂದು ಅವಧಿಗೆ ಆರು ವರ್ಷ. ಅಂದರೆ ಪಾಮರ್‌ನಂಥವನು ಅದೇ ಊರಿನ ಓಟು ಪಡೆದು ಮತ್ತೆ ಮತ್ತೆ ಗೆದ್ದವನು. ಊರಿಗೆ ಅವನು ‘ಜಡ್ಜ್’. ಮಕ್ಕಳು ಕೂಡ ‘ಅಪ್ಪ’ ಎನ್ನದೆ ‘ಜಡ್ಜ್’ ಎಂದೇ ಕರೆಯುತ್ತಾರೆ.

ವಿಮರ್ಶಕ: ಹೆಂಡತಿಯ ಅಂತ್ಯಕ್ರಿಯೆಯ ದಿನ ಇತರರನ್ನು ತಬ್ಬಿಕೊಳ್ಳುವ ಈ ಮನುಷ್ಯ, ಎಷ್ಟೋ ವರ್ಷದ ಮೇಲೆ ಬಂದ ನಡುವಿನ ಮಗನಿಗೆ ಕೈಕುಲುಕುತ್ತಾನೆ, ಅಷ್ಟೇ. ಇಬ್ಬರ ನಡುವೆ ಏನಾಗಿತ್ತೆಂಬುದು ಮಾತಿನ ಚೂರುಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಹ್ಯಾಂಕ್ ಹದಿಹರೆಯದಲ್ಲಿ ಪುಂಡ. ಅವನು ಓಡಿಸುತ್ತಿದ್ದ ಕಾರು ಅಪಘಾತಕ್ಕೆ ಸಿಕ್ಕಿ, ಬೇಸ್‌ಬಾಲ್‌ನಲ್ಲಿ ದೊಡ್ಡ ಭವಿಷ್ಯವಿದ್ದ ಅಣ್ಣ ಗ್ಲೆನ್‌ನ ಕೈ ಹಾಳಾಯಿತು. ಅಪ್ಪ ಮಗನನ್ನು ಬಾಲಾಪರಾಧಿಗಳ ಬಂಧನಗೃಹಕ್ಕೆ ಕಳಿಸಿದ. ಗ್ಲೆನ್ ಊರಲ್ಲೇ ಉಳಿದು ಟಯರ್ ಅಂಗಡಿ ಇಟ್ಟುಕೊಂಡ. ಕಿರಿಯ ತಮ್ಮ ಡೇಲ್ ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದವನು. ಸದಾ ಹಳೆಯ ಫಿಲ್ಮ್ ಕ್ಯಾಮೆರಾ ಹಿಡಿದುಕೊಂಡು ಮನೆಯವರನ್ನೆಲ್ಲ ಚಿತ್ರಿಸುತ್ತಿರುತ್ತಾನೆ. ಹ್ಯಾಂಕ್ ಊರು ಬಿಟ್ಟು ಓದಿದ, ಗೆದ್ದ, ಹಣವಂತರನ್ನು ಬಿಡಿಸುವುದರಲ್ಲಿ ನಿಪುಣನಾದ. ನಿರಪರಾಧಿಗಳಿಗೆ ತನ್ನ ಫೀಸು ಕೊಡುವ ಶಕ್ತಿ ಇರುವುದಿಲ್ಲ ಎಂದು ಲಜ್ಜೆಯಿಲ್ಲದೆ ಹೇಳಿಕೊಳ್ಳುವ ಮಟ್ಟಿಗೆ.

ವಕೀಲ: ಮಗನೇ ಅಪ್ಪನ ವಕೀಲನಾಗಬಹುದೇ ಎಂಬ ಸಂದೇಹ ನೋಡುಗರಿಗೆ ಬರುತ್ತದೆ. ಬರುವುದು ಸಹಜ. ಅಮೆರಿಕದಲ್ಲೂ ಭಾರತದಲ್ಲೂ ಅದಕ್ಕೆ ನಿಷೇಧವಿಲ್ಲ. ಸಂಬಂಧಿಕನಾದ ನ್ಯಾಯಾಧೀಶನ ಮುಂದೆ ವಕೀಲ ಹಾಜರಾಗಬಾರದು. ತಾನೇ ಸಾಕ್ಷಿಯಾಗುವ ಸಂಭವವಿರುವ ಪ್ರಕರಣದಲ್ಲಿ ವಕಾಲತ್ತು ಹಾಕಬಾರದು. ಅಡ್ಡಿ ಇರುವುದು ಇಂಥ ಕಡೆ. ಕಾರಿನ ಪೆಟ್ಟನ್ನು ಬೆಳಿಗ್ಗೆ ಮೊದಲು ಕಂಡವರಲ್ಲಿ ಹ್ಯಾಂಕ್ ಕೂಡ ಒಬ್ಬ. ನಿಜವಾದ ಕೋರ್ಟಿನಲ್ಲಿ ಸರ್ಕಾರಿ ವಕೀಲ ಇದನ್ನೇ ಹಿಡಿದುಕೊಂಡು ಮಗನನ್ನು ವಕಾಲತ್ತಿನಿಂದ ಹೊರಗಿಡಲು ಅರ್ಜಿ ಹಾಕುತ್ತಿದ್ದ. ಚಿತ್ರ ಈ ತೊಡಕಿನತ್ತ ತಿರುಗಿಯೂ ನೋಡುವುದಿಲ್ಲ.

ವಿಮರ್ಶಕ: ಆದರೆ ಇನ್ನೊಂದು ತೊಡಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಅಪ್ಪನಿಗೆ ಮಗನ ವಕೀಲಿಕೆಯೇ ಬೇಡ. ಮೊದಲು ಅವನು ಹಿಡಿಯುವುದು ಸಿ.ಪಿ. ಕೆನಡಿ ಎಂಬ ಊರ ವಕೀಲನನ್ನು. ಹಳೆಯ ಸಾಮಾನುಗಳ ಅಂಗಡಿಯನ್ನೂ ನಡೆಸುವ, ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಹೆದರಿಕೆಯಿಂದ ವಾಂತಿ ಮಾಡಿಕೊಳ್ಳುವ ಪಾಪದ ಮನುಷ್ಯ ಅವನು. ಎದುರಿಗೆ ಡ್ವೈಟ್ ಡಿಕಮ್ ಎಂಬ ಪ್ರಾಸಿಕ್ಯೂಟರ್. ಬಿಲ್ಲಿ ಬಾಬ್ ಥಾರ್ನ್‌ಟನ್ ಈ ಪಾತ್ರವನ್ನು ಗದ್ದಲವಿಲ್ಲದೆ, ಜೇಬಿನಿಂದ ಮಡಚುವ ಲೋಹದ ಲೋಟ ತೆಗೆದು ನೀರು ಕುಡಿಯುವ ನಿಧಾನದಲ್ಲಿ ನಿರ್ವಹಿಸಿದ್ದಾರೆ. ಪ್ರಾಥಮಿಕ ವಿಚಾರಣೆಯಲ್ಲೇ ಕೆನಡಿ ನೆಲಕಚ್ಚುತ್ತಾನೆ. ಆಮೇಲೆ ಮಗ ಮುಂದೆ ಬರುತ್ತಾನೆ. ಅಪ್ಪ ಒಪ್ಪುತ್ತಾನೆ, ಒಲ್ಲದ ಮನಸ್ಸಿನಿಂದ.

ವಕೀಲ: ಅಲ್ಲಿಂದ ಜ್ಯೂರಿ ಆಯ್ಕೆ. ಭಾರತೀಯ ಪ್ರೇಕ್ಷಕನಿಗೆ ಇದು ಅಪರಿಚಿತ ಲೋಕ. 1959ರ ನಾನಾವತಿ ಪ್ರಕರಣದಲ್ಲಿ ಮುಂಬೈಯ ಜ್ಯೂರಿ ಎಂಟಕ್ಕೆ ಒಂದರಂತೆ ಆರೋಪಿ ನಿರ್ದೋಷಿ ಎಂದಿತು. ಹೈಕೋರ್ಟು ಅದನ್ನು ತಳ್ಳಿಹಾಕಿತು. ಜ್ಯೂರಿ ಪದ್ಧತಿ ಕ್ರಮೇಣ ಕಣ್ಮರೆಯಾಗಿ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇಲ್ಲದಂತಾಯಿತು. ಅಮೆರಿಕದಲ್ಲಿ ಅದು ಇನ್ನೂ ಜೀವಂತ. ಹನ್ನೆರಡು ಮಂದಿ ಸಾಮಾನ್ಯರು ಒಮ್ಮತದಿಂದ ದೋಷಿ-ನಿರ್ದೋಷಿ ಎಂದು ಹೇಳಬೇಕು. ಆಯ್ಕೆಯ ಹೊತ್ತಿಗೆ ಎರಡೂ ಕಡೆಯ ವಕೀಲರು ಅವರನ್ನು ಪ್ರಶ್ನಿಸಿ, ಒಂದಿಷ್ಟು ಜನರನ್ನು ಬೇಡ ಎನ್ನಬಹುದು. ಹ್ಯಾಂಕ್ ಅವರನ್ನು ಕೇಳುವುದು, ಅವರ ಕಾರಿನ ಹಿಂದೆ ಅಂಟಿಸಿರುವ ಸ್ಟಿಕ್ಕರಿನಲ್ಲಿ ಏನು ಬರೆದಿದೆ ಎಂದು. ನಗು ತರಿಸುವ ದೃಶ್ಯ. ಆದರೆ ವೃತ್ತಿಯ ಲೆಕ್ಕದಲ್ಲಿ ಪೆದ್ದು ಪ್ರಶ್ನೆಯೇನಲ್ಲ: ರಾಜಕೀಯ, ಧರ್ಮ, ಸಿಟ್ಟು, ಹಾಸ್ಯಪ್ರಜ್ಞೆ ಎಲ್ಲವನ್ನೂ ಜನ ಕಾರಿನ ಬೆನ್ನಿಗೆ ತಾವಾಗಿಯೇ ಅಂಟಿಸಿಕೊಂಡಿರುತ್ತಾರೆ.

ವಿಮರ್ಶಕ: ವಿಚಾರಣೆ ನಡೆಯುವಾಗ ಚಿತ್ರ ಮತ್ತೆ ಮತ್ತೆ ಮನೆಗೆ ಮರಳುತ್ತದೆ. ಅದರ ಬಲ ಇರುವುದೂ ಅಲ್ಲೇ. ಎರಡು ದೃಶ್ಯಗಳು ಇಡೀ ಚಿತ್ರವನ್ನು ಹೊರುತ್ತವೆ. ಒಂದು ಬಚ್ಚಲುಮನೆಯದು. ಕೀಮೋದಿಂದ ನಿತ್ರಾಣನಾದ ಮುದುಕ ಬಚ್ಚಲಲ್ಲಿ ಬೀಳುತ್ತಾನೆ, ಹಿಡಿತ ತಪ್ಪಿ ಮೈಯೆಲ್ಲ ಹೊಲಸಾಗುತ್ತದೆ. ಮಗ ಎತ್ತಿ ನಿಲ್ಲಿಸಿ, ನೀರು ಹಾಕಿ ತೊಳೆಯುತ್ತಾನೆ. ಅದೇ ಹೊತ್ತಿಗೆ ಬಾಗಿಲಾಚೆ ಹ್ಯಾಂಕ್‌ನ ಪುಟ್ಟ ಮಗಳು ಲಾರೆನ್ ಕಾಯುತ್ತಿದ್ದಾಳೆ. ಅಜ್ಜನನ್ನು ಈ ಸ್ಥಿತಿಯಲ್ಲಿ ಮೊಮ್ಮಗಳು ನೋಡಬಾರದೆಂದು ಅಪ್ಪ-ಮಗ ಸೇರಿ ಏನೋ ನೆಪ ಹೇಳಿ ಅವಳನ್ನು ಸಾಗಹಾಕುತ್ತಾರೆ. ಆಮೇಲೆ ಇಬ್ಬರಿಗೂ ನಗು ತಡೆಯಲಾಗುವುದಿಲ್ಲ. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಸೇರಿ ಒಪ್ಪಿಕೊಂಡ ಮೊದಲ ಸುಳ್ಳು ಅದು. ಹಿನ್ನೆಲೆ ಸಂಗೀತದ ಭಾರವಾಗಲಿ, ಕಣ್ಣೀರಿನ ಒತ್ತಾಯವಾಗಲಿ ಅಲ್ಲಿಲ್ಲ. ಮುದಿ ತಂದೆ-ತಾಯಿಯ ಮೈ ತೊಳೆದವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಕಿಲ್ಲ.

ವಕೀಲ: ಎರಡನೆಯದು ಬಿರುಗಾಳಿಯ ರಾತ್ರಿಯ ಜಗಳ ಇರಬೇಕು.

ವಿಮರ್ಶಕ: ಹೌದು. ಹೊರಗೆ ಸುಂಟರಗಾಳಿಯ ಎಚ್ಚರಿಕೆ, ಒಳಗೆ ಇವರಿಬ್ಬರ ಕೂಗಾಟ. ಪ್ರಕೃತಿಯನ್ನು ಹೀಗೆ ಮನಸ್ಥಿತಿಗೆ ಹೊಂದಿಸುವುದು ಸವೆದ ಉಪಾಯ. ಡಾಬ್ಕಿನ್‌ಗೆ ಅದರ ಅಗತ್ಯವಿರಲಿಲ್ಲ. ಮಾತುಗಳಿಗೇ ಸಾಕಷ್ಟು ಬಿರುಸಿದೆ. ಕಾನೂನು ಕಾಲೇಜಿನಲ್ಲಿ ತರಗತಿಗೇ ಮೊದಲಿಗನಾಗಿ ಪದವಿ ಪಡೆದ ದಿನ ಅಪ್ಪ ಬರಲಿಲ್ಲ ಎಂಬುದು ಮಗನ ದೂರು. ಉಣ್ಣಲು-ಉಡಲು ಕೊಟ್ಟು, ಓದಿಸಿ, ಅಣ್ಣನ ಬಾಳು ಹಾಳು ಮಾಡಿದವನನ್ನೂ ಸಾಕಿದೆನಲ್ಲ ಎಂಬುದು ಅಪ್ಪನ ಉತ್ತರ. ಗಮನಿಸಬೇಕಾದದ್ದು ಜಗಳದ ರೀತಿ. ಒಬ್ಬ ಆಪಾದನೆ ಮಂಡಿಸುತ್ತಾನೆ, ಇನ್ನೊಬ್ಬ ಪುರಾವೆ ಕೇಳುತ್ತಾನೆ, ದಿನಾಂಕ ಹಿಡಿದು ಪಾಟೀಸವಾಲು ಮಾಡುತ್ತಾನೆ. ಮನೆಯಲ್ಲೂ ಅವರಿಗೆ ಗೊತ್ತಿರುವ ಭಾಷೆ ಕೋರ್ಟಿನದೇ. ಆ ಭಾಷೆಯಲ್ಲಿ ಪ್ರೀತಿಯನ್ನು ಹೇಳಿಕೊಳ್ಳಲು ದಾರಿಯಿಲ್ಲದ ಕಾರಣ ಜಗಳ ಎಂದೂ ಮುಗಿಯುವುದಿಲ್ಲ. ಮುಂದಿನ ವಾಯಿದೆಗೆ ಹೋಗುತ್ತದೆ, ಅಷ್ಟೇ.

ವಕೀಲ: ಈ ಮಾತು ಸರಿಯಾದರೆ ಕೋರ್ಟಿನ ದೃಶ್ಯಗಳನ್ನು ಕಾನೂನಿನ ಕಣ್ಣಿನಿಂದ ಮಾತ್ರ ಅಳೆಯುವುದು ಸಾಲದು. ಆದರೂ ಅಳೆಯಬೇಕು. ಚಿತ್ರದಲ್ಲಿ ಆರೋಪ ‘ಫಸ್ಟ್ ಡಿಗ್ರಿ’ ಕೊಲೆಯದು. ಇಂಡಿಯಾನಾದ ಕಾನೂನಿನಲ್ಲಿ ಕೊಲೆಗೆ ಇಂಥ ದರ್ಜೆಗಳೇ ಇಲ್ಲ. ಕೊಲೆ ಎಂದರೆ ಕೊಲೆ. ಅದಕ್ಕಿಂತ ಕೆಳಗೆ, ಹಠಾತ್ ಆವೇಶದಲ್ಲಿ ಮಾಡಿದ ಹತ್ಯೆ ಬೇರೆ ಅಪರಾಧ. ಷಿಕಾಗೋ, ನ್ಯೂಯಾರ್ಕ್ ಕಥೆಗಳ ಅಭ್ಯಾಸಬಲದಿಂದ ಬಂದ ಪದ ಅದು. ಇನ್ನೂ ಮುಖ್ಯವಾದ ಆಕ್ಷೇಪ ಬೇರೆಯಿದೆ. ಆರೋಪಿ ಕಟಕಟೆ ಹತ್ತಿ ಸಾಕ್ಷ್ಯ ನುಡಿಯಬೇಕೇ ಬೇಡವೇ ಎಂಬುದು ಆರೋಪಿಯದೇ ನಿರ್ಧಾರ; ವಕೀಲ ಸಲಹೆ ಕೊಡಬಹುದು, ತಡೆಯುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲೇ ಇದನ್ನು ಸಂವಿಧಾನದತ್ತ ಹಕ್ಕು ಎಂದಿದೆ. ಹಾಗೆ ನೋಡಿದರೆ ಪಾಮರ್ ಕಟಕಟೆ ಹತ್ತುವುದು ಸರಿ. ಆದರೆ ಕಕ್ಷಿದಾರ ಬೇಡವೆಂದು ಕಡ್ಡಿ ಮುರಿದಂತೆ ಹೇಳಿದ ರೋಗದ ವಿಷಯವನ್ನು ಹ್ಯಾಂಕ್ ತುಂಬಿದ ಕೋರ್ಟಿನಲ್ಲಿ ಎತ್ತುತ್ತಾನೆ. ಕಕ್ಷಿದಾರನ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಬಯಲು ಮಾಡುವುದು ವೃತ್ತಿಧರ್ಮಕ್ಕೆ ವಿರುದ್ಧ. ನಿಜ ಜೀವನದಲ್ಲಿ ಶಿಸ್ತುಕ್ರಮಕ್ಕೆ ಗುರಿಯಾಗುವ ಕೆಲಸ. ಆಮೇಲೆ 2018ರಲ್ಲಿ ಅದೇ ಸುಪ್ರೀಂ ಕೋರ್ಟು, ಮೆಕಾಯ್ ಪ್ರಕರಣದಲ್ಲಿ, ಸಮರ್ಥನೆಯ ಗುರಿ ಏನೆಂದು ತೀರ್ಮಾನಿಸುವವನು ಆರೋಪಿಯೇ ಹೊರತು ವಕೀಲನಲ್ಲ ಎಂದು ಹೇಳಿತು. ಜೀವ ಉಳಿಸುವ ಸದುದ್ದೇಶ ಕೂಡ ಅದಕ್ಕೆ ಹೊರತಲ್ಲ.

ವಿಮರ್ಶಕ: ವಕೀಲನಾಗಿ ತಪ್ಪು ಮಾಡುವ ಆ ಗಳಿಗೆಯಲ್ಲೇ ಹ್ಯಾಂಕ್ ಮಗನಾಗುತ್ತಾನೆ. ಇಷ್ಟು ಹೊತ್ತು ಗೆಲುವೇ ಮುಖ್ಯವೆಂದು ಬಾಳಿದವನು ಈಗ ಗೆಲ್ಲಲು ನೋಡುವುದು ಅಪ್ಪನ ಜೀವಕ್ಕಾಗಿ. ಆದರೆ ಅಪ್ಪ ಸಹಕರಿಸುವುದಿಲ್ಲ. ಕಾರು ಬಡಿದದ್ದು ನೆನಪಿಲ್ಲ ಎನ್ನುತ್ತಾನೆ. ಆದರೆ ತಾನು ಬೇಕೆಂದೇ ಬಡಿದಿರಬಹುದು ಎಂದೂ ಒಪ್ಪಿಕೊಳ್ಳುತ್ತಾನೆ. ಪ್ರತಿವಾದಿಯ ವಕೀಲನಿಗೆ ಇದಕ್ಕಿಂತ ಕೆಟ್ಟ ಉತ್ತರ ಇರಲಾರದು. ಸೋತೆವು ಎಂದು ತಿಳಿದ ಮೇಲೂ ಹ್ಯಾಂಕ್ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಎರಡು ದಶಕಗಳ ಹಿಂದೆ, ಎಲ್ಲರಿಗೂ ಕಠೋರನಾಗಿದ್ದವನು ಈ ಬ್ಲ್ಯಾಕ್‌ವೆಲ್ ಒಬ್ಬನಿಗೆ ಏಕೆ ಕರುಣೆ ತೋರಿದ? ಮೊಕದ್ದಮೆಗೆ ಅದರಿಂದ ಪ್ರಯೋಜನವಿಲ್ಲ. ಕೇಳುವವನಿಗೆ ಮಾತ್ರ ಅದರ ಉತ್ತರ ಬೇಕು. ಅಪ್ಪ ಉತ್ತರಿಸುತ್ತಾನೆ. ದಾರಿ ತಪ್ಪಿದ ಆ ಹುಡುಗನಲ್ಲಿ ತನ್ನ ಮಗನನ್ನೇ ಕಂಡೆ; ತನ್ನ ಮಗನಿಗೆ ಯಾರಾದರೂ ಹೀಗೆ ಆಸರೆಯಾಗಲಿ ಎಂದು ಬಯಸಿದ್ದನ್ನು ಅವನಿಗೆ ಕೊಟ್ಟೆ ಎಂದು.

ವಕೀಲ: ಅಂದರೆ ಒಂದೇ ಪೀಠದಿಂದ ಹೊರಟ ಎರಡು ಆದೇಶಗಳು ಅದಲುಬದಲಾಗಿದ್ದವು. ಮಗನಿಗೆ ಸಲ್ಲಬೇಕಾದ ಕನಿಕರ ಪರರ ಹುಡುಗನಿಗೆ ಹೋಯಿತು, ಆ ಹುಡುಗನಿಗೆ ಬೇಕಾಗಿದ್ದ ಬಿಗಿ ಮಗನ ಪಾಲಾಯಿತು.

ವಿಮರ್ಶಕ: ಚಿತ್ರದ ಹೊಳಹು ಅದೇ. ಅಪ್ಪ ನ್ಯಾಯಾಧೀಶನಾಗಿ ಎಡವಿದ್ದು ಅಪ್ಪನಂತೆ ಯೋಚಿಸಿದ ಒಂದೇ ಸಲ. ಅದರ ಬೆಲೆಯನ್ನು ತೆತ್ತದ್ದು ಒಬ್ಬ ಹುಡುಗಿಯ ಜೀವ. ಈ ಹೊರೆ ಹೊತ್ತ ಮನುಷ್ಯ ಮನೆಯಲ್ಲಿ ಮೃದುವಾಗಲು ಹೆದರುವುದರಲ್ಲಿ ಆಶ್ಚರ್ಯವೇನಿದೆ? ಮಗನಿಗೆ ಇಷ್ಟು ವರ್ಷ ಬೇಕಾಗಿದ್ದ ಮಾತು, ತಾನು ಅಪ್ಪನ ಕಣ್ಣಲ್ಲಿ ಇದ್ದೆ ಎಂಬ ಮಾತು, ಕೊನೆಗೂ ಸಿಗುವುದು ಪ್ರಮಾಣವಚನ ಮಾಡಿ ನುಡಿದ ಸಾಕ್ಷ್ಯದ ರೂಪದಲ್ಲಿ. ಮನೆಯಲ್ಲಿ ಆಡಲಾಗದ್ದನ್ನು ಆಡಲು ಅವರಿಗೆ ಕಟಕಟೆ ಬೇಕಾಯಿತು.

ವಕೀಲ: ಜ್ಯೂರಿಯ ತೀರ್ಪು ಮಧ್ಯದ ದಾರಿ ಹಿಡಿಯುತ್ತದೆ. ಕೊಲೆಯ ಆರೋಪದಿಂದ ಬಿಡುಗಡೆ, ಆವೇಶದ ಹತ್ಯೆಗೆ ದೋಷಿ. ಭಾರತೀಯ ಕಾನೂನಿನ ಪರಿಭಾಷೆಯಲ್ಲಿ ಹೇಳುವುದಾದರೆ, ಗಂಭೀರ ಮತ್ತು ಹಠಾತ್ ಪ್ರಚೋದನೆಯ ಕಾರಣ ಕೊಲೆಯ ಮಟ್ಟಕ್ಕೆ ಏರದ ದಂಡನೀಯ ನರಹತ್ಯೆಗೆ ಹತ್ತಿರವಾದದ್ದು. ಶಿಕ್ಷೆ ನಾಲ್ಕು ವರ್ಷ. ಏಳು ತಿಂಗಳ ಮೇಲೆ ರೋಗದ ಕಾರಣಕ್ಕೆ ಬಿಡುಗಡೆ. ಇಷ್ಟರಲ್ಲಿ ಚಿತ್ರ ಕಾನೂನಿಗೂ ಭಾವಕ್ಕೂ ಒಂದು ರಾಜಿ ಮಾಡಿಸುತ್ತದೆ. ಕೊಂದನೋ ಇಲ್ಲವೋ ಎಂಬುದನ್ನು ಮಾತ್ರ ಖಚಿತವಾಗಿ ಹೇಳುವುದಿಲ್ಲ. ಅದು ಮೆಚ್ಚಬೇಕಾದ ಸಂಗತಿ.

ವಿಮರ್ಶಕ: ಚಿತ್ರದ ಬೊಜ್ಜನ್ನೂ ಹೇಳಬೇಕು. ಸುಮಾರು 140 ನಿಮಿಷಗಳ ಚಿತ್ರವಿದು. ಅರ್ಧ ಗಂಟೆ ಕತ್ತರಿಸಬಹುದಿತ್ತು. ಊರಿನ ಉಪಾಹಾರಗೃಹದ ಒಡತಿ, ಹ್ಯಾಂಕ್‌ನ ಹಳೆಯ ಗೆಳತಿ ಸಮಂತಾ ಪಾತ್ರಕ್ಕೆ ವೆರಾ ಫರ್ಮಿಗಾ ಜೀವ ತುಂಬಿದ್ದಾರೆ. ಆದರೆ ಅವಳ ಮಗಳು ಕಾರ್ಲಾಳ ತಂದೆ ಯಾರು ಎಂಬ ಉಪಕಥೆ ಮುಜುಗರ ತರುತ್ತದೆ. ಬಾರಿನಲ್ಲಿ ಪರಿಚಯವಿಲ್ಲದೆ ಚುಂಬಿಸಿದ ಹುಡುಗಿ ತನ್ನದೇ ಮಗಳಿರಬಹುದೇ ಎಂದು ಹ್ಯಾಂಕ್ ಕಂಗಾಲಾಗುವುದು, ಕೊನೆಗೆ ಅವಳು ಅಣ್ಣ ಗ್ಲೆನ್‌ನ ಮಗಳೆಂದು ತಿಳಿಯುವುದು, ಇದಾವುದೂ ಮುಖ್ಯ ಕಥೆಗೆ ಅಂಟಿಕೊಳ್ಳುವುದಿಲ್ಲ. ಡಾಬ್ಕಿನ್ ಇದಕ್ಕೂ ಮುನ್ನ ‘ವೆಡ್ಡಿಂಗ್ ಕ್ರ್ಯಾಷರ್ಸ್’ (2005) ತರಹದ ಹಾಸ್ಯಚಿತ್ರಗಳಿಂದ ಹೆಸರಾದವರು. ಆ ಕೈಚಳಕ ಅಲ್ಲಲ್ಲಿ ಬೇಡದ ಕಡೆ ಇಣುಕುತ್ತದೆ. ಮೊದಲ ದೃಶ್ಯದಲ್ಲೇ ಹ್ಯಾಂಕ್ ಮೂತ್ರಾಲಯದಲ್ಲಿ ಎದುರುಪಕ್ಷದ ವಕೀಲನ ಮೇಲೆ ಉಚ್ಚೆ ಹಾರಿಸುತ್ತಾನೆ. ಪಾತ್ರ ಎಂಥದೆಂದು ಪರಿಚಯಿಸಲು ಅಷ್ಟು ದೂರ ಹೋಗಬೇಕಿರಲಿಲ್ಲ. ಈ ಕಥೆಯ ಬೀಜ ತನ್ನ ತಾಯಿಯ ಸಾವಿನ ನಂತರ ಹುಟ್ಟಿತು ಎಂದು ಡಾಬ್ಕಿನ್ ಹೇಳಿಕೊಂಡಿದ್ದಾರೆ. ಮನೆಯೊಳಗಿನ ದೃಶ್ಯಗಳು ಏಕೆ ಅಷ್ಟು ಗಟ್ಟಿ ಎಂಬುದಕ್ಕೆ ಅದು ಕಾರಣವಿರಬಹುದು.

ವಕೀಲ: ಛಾಯಾಗ್ರಹಣದ ಬಗ್ಗೆ ಆಕ್ಷೇಪ ಕೇಳಿಬಂದಿತ್ತಲ್ಲ, ಕೋರ್ಟು ದೇವಸ್ಥಾನದಂತೆ ಕಾಣುತ್ತದೆ ಎಂದು?

ವಿಮರ್ಶಕ: ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ, ಸ್ಪೀಲ್‌ಬರ್ಗ್ ಅವರ ‘ಶಿಂಡ್ಲರ್ಸ್ ಲಿಸ್ಟ್’ ಮತ್ತು ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರಗಳಿಗೆ ಆಸ್ಕರ್ ಪಡೆದವರು. ಕಿಟಕಿಯಿಂದ ಬೆಳಕನ್ನು ಧಾರಾಳವಾಗಿ ಸುರಿಯುವುದು ಅವರ ರೂಢಿ. ಇಲ್ಲಿಯೂ ಕೋರ್ಟಿನ ಹಾಲು ಬೆಳಕಿನಲ್ಲಿ ತೋಯ್ದಿದೆ. ಜಿಲ್ಲಾ ಮಟ್ಟದ ಕೋರ್ಟೊಂದಕ್ಕೆ ಆ ವೈಭವ ಹೆಚ್ಚಾಯಿತು. ಆದರೆ ಅದನ್ನು ಹ್ಯಾಂಕ್‌ನ ಕಣ್ಣಿನ ನೋಟ ಎಂದುಕೊಂಡರೆ ಒಪ್ಪಬಹುದು. ಅಪ್ಪ ಕೂರುವ ಜಾಗ ಬಾಲ್ಯದಿಂದ ಅವನಿಗೆ ಹಾಗೆಯೇ ಕಂಡಿರಬೇಕು. ಥಾಮಸ್ ನ್ಯೂಮನ್ ಸಂಗೀತ ಎಂದಿನಂತೆ ಹದವಾಗಿದೆ, ಹೊಸತೇನಿಲ್ಲ.

ವಕೀಲ: ನಟನೆಗೆ ಬಂದರೆ ಡುವಾಲ್ ಹೆಸರೇ ಮೊದಲು.

ವಿಮರ್ಶಕ: ಈ ಪಾತ್ರಕ್ಕೆ ಅವರಿಗೆ ಪೋಷಕ ನಟನ ಆಸ್ಕರ್ ನಾಮನಿರ್ದೇಶನ ಬಂತು, ಅವರ ಏಳನೆಯದು. ಆಗ 84 ವರ್ಷ. ನಟರ ಪೈಕಿ ಅಷ್ಟು ಇಳಿವಯಸ್ಸಿನಲ್ಲಿ ನಾಮನಿರ್ದೇಶನ ಪಡೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮೂರು ವರ್ಷಗಳ ಮೇಲೆ, 88ರ ಕ್ರಿಸ್ಟೋಫರ್ ಪ್ಲಮರ್ ಆ ದಾಖಲೆ ಮುರಿದರು. ಪ್ರಶಸ್ತಿ ಸಿಕ್ಕಿದ್ದು ‘ವಿಪ್‌ಲ್ಯಾಶ್’ ಚಿತ್ರದ ಜೆ.ಕೆ. ಸಿಮನ್ಸ್‌ಗೆ. ಸಂಗೀತ ಶಾಲೆಯ ಕ್ರೂರ ಗುರುವಿನ ಪಾತ್ರ ಅದು. ಆ ವರ್ಷ ಸ್ಪರ್ಧೆಗೆ ನಿಂತವರಲ್ಲಿ ಇಬ್ಬರು ಪ್ರೀತಿಯ ಹೆಸರಿನಲ್ಲಿ ಗದರುವ ಹಿರಿಯರಾದದ್ದು ಕಾಕತಾಳೀಯ. ಡುವಾಲ್ ಅವರ ಇಡೀ ವೃತ್ತಿಜೀವನವೇ ಈ ಪಾತ್ರದ ಹಿಂದೆ ನಿಂತಿದೆ. ಅವರ ಮೊದಲ ಚಿತ್ರ 1962ರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಮಾತೇ ಆಡದ ಬೂ ರ‍್ಯಾಡ್ಲಿಯ ಪಾತ್ರ. ಅಮೆರಿಕನ್ ಕೋರ್ಟ್ ಚಿತ್ರಗಳಲ್ಲಿ ಆದರ್ಶ ಅಪ್ಪನೆಂದರೆ ಆ ಚಿತ್ರದ ವಕೀಲ ಆಟಿಕಸ್ ಫಿಂಚ್. ಮಕ್ಕಳು ಮೇಲಿನ ಅಂಕಣದಲ್ಲಿ ಕೂತು ಅವನ ವಾದವನ್ನು ಹೆಮ್ಮೆಯಿಂದ ನೋಡುತ್ತಾರೆ. ಐವತ್ತು ವರ್ಷಗಳ ಮೇಲೆ ಅದೇ ನಟ, ಮಗನಿಗೆ ನೋಡಲು ಹಿಂಸೆಯಾಗುವ ಅಪ್ಪನಾಗಿ ಕೋರ್ಟಿಗೆ ಮರಳಿದ್ದಾರೆ. ನಡುವೆ 1979ರ ‘ದಿ ಗ್ರೇಟ್ ಸಂಟಿನಿ’ ಇದೆ. ಅಲ್ಲಿ ಡುವಾಲ್ ಒಬ್ಬ ಯುದ್ಧವಿಮಾನ ಚಾಲಕ. ಬಾಸ್ಕೆಟ್‌ಬಾಲ್‌ನಲ್ಲಿ ಮಗ ತನ್ನನ್ನು ಸೋಲಿಸಿದ್ದನ್ನು ತಾಳದೆ ಚೆಂಡನ್ನು ಅವನ ತಲೆಗೆ ಮತ್ತೆ ಮತ್ತೆ ಬಡಿಯುತ್ತಾನೆ. ಜೋಸೆಫ್ ಪಾಮರ್ ಆ ಮನುಷ್ಯನ ಮುಪ್ಪು ಎನ್ನಬಹುದು.

ವಕೀಲ: ಡೌನಿ ಅವರದು?

ವಿಮರ್ಶಕ: ಆ ಹೊತ್ತಿಗೆ ‘ಐರನ್ ಮ್ಯಾನ್’ ಖ್ಯಾತಿಯ ಉತ್ತುಂಗ. ಡೌನಿ ಮತ್ತು ಪತ್ನಿ ಸೂಸನ್ ಸೇರಿ ಕಟ್ಟಿದ ‘ಟೀಮ್ ಡೌನಿ’ ನಿರ್ಮಾಣ ಸಂಸ್ಥೆಯ ಮೊದಲ ಚಿತ್ರ ಇದು. ಪಟಪಟನೆ ಮಾತು, ಚುಚ್ಚುವ ನಗು ಅವರಿಗೆ ನೀರು ಕುಡಿದಷ್ಟು ಸುಲಭ. ಡುವಾಲ್ ಮೌನವಾಗಿ ಎದುರು ಕೂತಾಗ ಆ ಪಟಪಟ ಕಡಿಮೆಯಾಗಿ ಒಳಗಿನ ಹುಡುಗ ಕಾಣುತ್ತಾನೆ. ಡೌನಿಯ ಸ್ವಂತ ಅಪ್ಪ ರಾಬರ್ಟ್ ಡೌನಿ ಸೀನಿಯರ್ ಕೂಡ ಹೆಸರಾಂತ ಪ್ರಯೋಗಶೀಲ ನಿರ್ದೇಶಕ. ಅವರು 2021ರಲ್ಲಿ ತೀರಿಕೊಂಡರು. ಕೊನೆಯ ದಿನಗಳ ಅಪ್ಪ-ಮಗನ ಮಾತುಕತೆಯನ್ನು ಹಿಡಿದ ‘ಸೀನಿಯರ್’ ಎಂಬ ಸಾಕ್ಷ್ಯಚಿತ್ರ 2022ರಲ್ಲಿ ಬಂತು. ‘ದಿ ಜಡ್ಜ್’ ನೋಡಿದ ಮೇಲೆ ಅದನ್ನು ನೋಡುವುದು ಒಳ್ಳೆಯ ಕ್ರಮ. ಅಲ್ಲಿ ಬಿರುಗಾಳಿಯೂ ಇಲ್ಲ, ತೀರ್ಪೂ ಇಲ್ಲ. ಕಿರಿಯ ಮಗ ಡೇಲ್ ಆಗಿ ನಟಿಸಿದ ಜೆರೆಮಿ ಸ್ಟ್ರಾಂಗ್ ಮುಂದೆ ‘ಸಕ್ಸೆಷನ್’ ಧಾರಾವಾಹಿಯಲ್ಲಿ ಅಪ್ಪನ ಮೆಚ್ಚುಗೆಗೆ ಹಾತೊರೆದು ಹಾಳಾಗುವ ಮಗನಾಗಿ ಎಮ್ಮಿ ಪ್ರಶಸ್ತಿ ಪಡೆದರು. ಹಿರಿಯ ಮಗ ಗ್ಲೆನ್ ಆಗಿ ವಿನ್ಸೆಂಟ್ ಡೊನಾಫ್ರಿಯೊ ಹೆಚ್ಚು ಮಾತಿಲ್ಲದೆಯೇ ಕಳೆದುಕೊಂಡ ಬಾಳಿನ ಭಾರವನ್ನು ತೋರುತ್ತಾರೆ.

ವಕೀಲ: ಕೋರ್ಟಿನಲ್ಲಿ ಅಪ್ಪ-ಮಗ ಎದುರಾಗುವ ಕಥೆ ಭಾರತೀಯರಿಗೆ ಹೊಸದಲ್ಲ. 1951ರ ‘ಆವಾರಾ’ ಇದರ ತಿರುವು-ಮುರುವು. ಅಲ್ಲಿ ಅಪ್ಪ ರಘುನಾಥ ನ್ಯಾಯಾಧೀಶ, ಮಗ ರಾಜ್ ಆರೋಪಿ. ಅಪ್ಪನನ್ನೇ ಕೊಲ್ಲಲು ಹೋದ ಆರೋಪ. ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂದು ನಂಬಿದ್ದ ಮನುಷ್ಯನನ್ನು ನಾಯಕಿ ರೀಟಾ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುತ್ತಾಳೆ. ತೆರೆಯ ಮೇಲಿನ ಅಪ್ಪ-ಮಗ ನಿಜ ಜೀವನದಲ್ಲೂ ಅಪ್ಪ-ಮಗನೇ: ಪೃಥ್ವಿರಾಜ್ ಕಪೂರ್, ರಾಜ್ ಕಪೂರ್. ವಿಚಾರಣೆ ನಡೆಸುವ ನ್ಯಾಯಾಧೀಶನಾಗಿ ಕೂತವರು ಪೃಥ್ವಿರಾಜರ ತಂದೆ ಬಶೇಶ್ವರನಾಥ್.

ವಿಮರ್ಶಕ: ಎರಡನ್ನೂ ಪಕ್ಕದಲ್ಲಿಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ‘ಆವಾರಾ’ ಚಿತ್ರದ ವಾದ ಸಮಾಜದ ಮುಂದೆ: ಕೊಳೆಗೇರಿ ಮಗುವನ್ನು ಏನು ಮಾಡುತ್ತದೆ ನೋಡಿ ಎಂದು. ‘ದಿ ಜಡ್ಜ್’ಗೆ ಸಮಾಜದ ಗೊಡವೆ ಇಲ್ಲ, ಬಡ ಕಕ್ಷಿದಾರ, ವರ್ಗ, ಬಣ್ಣ ಯಾವುದೂ ಅದರ ಚೌಕಟ್ಟಿನೊಳಗೆ ಬರುವುದಿಲ್ಲ. ಸತ್ತ ಹುಡುಗಿಯ ಮನೆಯವರಿಗೂ ಅಲ್ಲಿ ಹೆಚ್ಚು ಜಾಗವಿಲ್ಲ, ಇದು ಚಿತ್ರದ ದೊಡ್ಡ ಕೊರತೆ. ಕರುಣೆ ಎಡವಿದ್ದರ ಬೆಲೆ ತೆತ್ತವರು ಅವರು. ಚಿತ್ರ ಆ ನೋವನ್ನು ನ್ಯಾಯಾಧೀಶನ ಪಶ್ಚಾತ್ತಾಪಕ್ಕೆ ಇಂಧನವಾಗಿಸಿ ಮುಂದೆ ಸಾಗುತ್ತದೆ.

ವಕೀಲ: ಜನ ಹೇಗೆ ಸ್ವೀಕರಿಸಿದರು?

ವಿಮರ್ಶಕ: ಅರೆಮನಸ್ಸಿನಿಂದ. 2014ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಚಲನಚಿತ್ರೋತ್ಸವದ ಉದ್ಘಾಟನಾ ಚಿತ್ರವಾಗಿ ತೋರಿಸಲಾಯಿತು, ಅಕ್ಟೋಬರಿನಲ್ಲಿ ಬಿಡುಗಡೆ. ಸುಮಾರು 5 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 8.4 ಕೋಟಿ ಡಾಲರ್ ಗಳಿಸಿತು. ಪ್ರಚಾರ ಮತ್ತು ಚಿತ್ರಮಂದಿರಗಳ ಪಾಲು ಕಳೆದರೆ ಲಾಭವೆನ್ನುವಂತಿಲ್ಲ. ವಿಮರ್ಶಕರು ಇಬ್ಬರು ನಟರನ್ನು ಹೊಗಳಿ ಚಿತ್ರಕಥೆಯನ್ನು ತೆಗಳಿದರು. ದೊಡ್ಡ ಸ್ಟುಡಿಯೊಗಳು ಸೂಪರ್‌ಹೀರೊಗಳ ಬೆನ್ನು ಬಿದ್ದಿದ್ದ ಕಾಲದಲ್ಲಿ, ದೊಡ್ಡವರಿಗಾಗಿ ಮಾಡಿದ ಮಧ್ಯಮ ವೆಚ್ಚದ ಕೌಟುಂಬಿಕ ಚಿತ್ರಗಳ ಕೊನೆಯ ಸಾಲಿನಲ್ಲಿ ಇದು ನಿಲ್ಲುತ್ತದೆ.

ವಕೀಲ: ಉಳಿದದ್ದು ಕೊನೆಯ ದೃಶ್ಯಗಳು.

ವಿಮರ್ಶಕ: ಸೆರೆಯಿಂದ ಬಂದ ಅಪ್ಪ ಮತ್ತು ಮಗ ಕೆರೆಯಲ್ಲಿ ದೋಣಿ ಹಾಕಿ ಗಾಳ ಹಿಡಿದು ಕೂರುತ್ತಾರೆ. ತನಗೆ ಗೊತ್ತಿರುವ ವಕೀಲರಲ್ಲಿ ಅತ್ಯುತ್ತಮ ಯಾರೆಂಬ ಮಾತಿಗೆ ಅಪ್ಪ ಮಗನ ಹೆಸರನ್ನೇ ಹೇಳುತ್ತಾನೆ. ಅಲ್ಲೇ ಸಾಯುತ್ತಾನೆ. ಕೋರ್ಟಿನ ಮುಂದೆ ಬಾವುಟ ಅರ್ಧಕ್ಕಿಳಿಯುತ್ತದೆ. ಮಗ ಖಾಲಿ ಕೋರ್ಟಿಗೆ ಹೋಗಿ ಅಪ್ಪನ ಕುರ್ಚಿಯನ್ನು ಸುಮ್ಮನೆ ತಿರುಗಿಸುತ್ತಾನೆ. ತಿರುಗಿದ ಕುರ್ಚಿ ಅವನಿಗೇ ಮುಖಮಾಡಿ ನಿಲ್ಲುತ್ತದೆ. ಅವನು ಆ ಜಾಗಕ್ಕೆ ಬರುತ್ತಾನೆಯೇ ಎಂಬುದನ್ನು ನೋಡುಗರಿಗೆ ಬಿಟ್ಟುಬಿಟ್ಟಿದ್ದಾರೆ.

ವಕೀಲ: ಕುರ್ಚಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನ್ಯಾಯಾಧೀಶ ಅವಧಿಯ ನಡುವೆ ತೀರಿಕೊಂಡರೆ ಅಥವಾ ಹುದ್ದೆ ತೊರೆದರೆ ತೆರವಾದ ಜಾಗಕ್ಕೆ ಮುಂದಿನ ಚುನಾವಣೆಯ ತನಕ ನೇಮಕ ಮಾಡುವವನು ರಾಜ್ಯದ ಗವರ್ನರ್. ಈ ಪ್ರಕರಣದಲ್ಲಿ ಅಪರಾಧ ಸಾಬೀತಾಗಿ ನ್ಯಾಯಾಧೀಶ ಜೈಲಿಗೆ ಹೋದಾಗಲೇ ಆ ಪೀಠ ತೆರವಾಗಿರಬೇಕು, ಏಳು ತಿಂಗಳಲ್ಲಿ ಬೇರೆ ಯಾರೋ ಕೂತಿರಬೇಕು. ಹ್ಯಾಂಕ್‌ಗೆ ಮನಸ್ಸಿದ್ದರೆ ಆ ಹೊಸ ನ್ಯಾಯಾಧೀಶನ ಎದುರು ಚುನಾವಣೆಗೆ ನಿಲ್ಲಬೇಕು. ಇಂಡಿಯಾನಾದ ಸಂವಿಧಾನದ ಪ್ರಕಾರ ಸರ್ಕಿಟ್ ನ್ಯಾಯಾಧೀಶನಾಗುವವನು ಆ ಸರ್ಕಿಟ್‌ನಲ್ಲೇ ವಾಸವಿರಬೇಕು, ಆ ರಾಜ್ಯದ ಸುಪ್ರೀಂ ಕೋರ್ಟಿನಿಂದ ವಕೀಲಿಕೆಯ ಅನುಮತಿ ಪಡೆದಿರಬೇಕು. ಷಿಕಾಗೋದ ಮನೆ ಖಾಲಿ ಮಾಡಿ, ಊರಿನ ಓಟರ್ ಪಟ್ಟಿಯಲ್ಲಿ ಹೆಸರು ಬರೆಸಿ, ಅಪ್ಪ ಒಂದೊಂದು ಅವಧಿಗೂ ಮಾಡಿದಂತೆ ಮನೆಮನೆಗೆ ಹೋಗಿ ಮತ ಕೇಳಬೇಕು. ಅಣ್ಣನ ಕೈ ಮುರಿದ ಹುಡುಗನೆಂದು ಅವನನ್ನು ಇನ್ನೂ ನೆನಪಿಟ್ಟಿರುವ ಊರು ಅದು.